ಅಜ್ಜಿಯ ಕೋಲು, ವೆಂಗನ್‌ನ ಹಿಮ

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಸ್ಟೇಷನ್ನಿನಲ್ಲಿ ಹಸಿರು-ಹಳದಿ ಬಣ್ಣದ ಆ ಪುಟ್ಟ ರೈಲು ಹತ್ತಿ ಕೂತರೆ, ಸ್ವಲ್ಪ ಹೊತ್ತಿಗೆ ಕಾಲ ಕೆಳಗಿನಿಂದ ಕಟಕಟ ಸದ್ದು ಶುರುವಾಗುತ್ತದೆ. ಎರಡು ಹಳಿಗಳ ನಡುವೆ ಹಲ್ಲಿನ ಹಳಿಯೊಂದಿದೆ. ರೈಲಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು ಬೆಟ್ಟ ಹತ್ತುತ್ತದೆ. 1893ರಿಂದ ಹೀಗೇ ಹತ್ತುತ್ತಿದೆ. ಏಳು ವರ್ಷದಿಂದ ಕೇಳದೇ ಇದ್ದ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನಗೆ ಗಂಟಲು ಕಟ್ಟಿದಂತಾಯಿತು.

ಎದುರು ಸೀಟಿನಲ್ಲಿ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಕೂತಿತ್ತು. ಮೇಲೆ ಹಿಮದ ನಡುವಿನ ಯುಂಗ್‌ಫ್ರಾವ್‌ಯೋಖ್ ಅನ್ನುವ ಪ್ರವಾಸಿ ತಾಣ ನೋಡಲು ಹೊರಟವರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡು ಅಮ್ಮನ ವಯಸ್ಸಿನ ಒಬ್ಬರು ಮಾತಿಗಿಳಿದರು. ವೆಂಗನ್ ಬಂತು, ನಾನು ಬ್ಯಾಗ್ ತೆಗೆದುಕೊಂಡು ಎದ್ದೆ.

"ಇಲ್ಲೇ ಇಳೀಬೇಕೇನ್ರಿ?"

"ನೀವಲ್ಲ ಅಮ್ಮಾ. ನೀವು ಕ್ಲೈನೆ ಶೈಡೆಗ್‌ವರೆಗೂ ಕೂತಿರಿ. ಅಲ್ಲಿ ರೈಲು ಬದಲಾಯಿಸಬೇಕು."

"ಮತ್ತ ನೀವ್ಯಾಕ ಇಳೀತೀರಿ? ಇಲ್ಲೇನೈತಿ?"

ಬಾಗಿಲು ಮುಚ್ಚುವ ಹೊತ್ತಾಗಿತ್ತು. ಉತ್ತರ ಹೇಳಲು ಆಗಲಿಲ್ಲ. ಅವರು ಕಿಟಕಿಯಿಂದ ಕೈ ಬೀಸಿದರು, ನಾನೂ ಬೀಸಿದೆ. ಆಮೇಲೆ ಅಲ್ಲಿದ್ದ ಆರು ದಿನವೂ ಆ ಪ್ರಶ್ನೆ ನನ್ನ ಜೊತೆಗೇ ಇತ್ತು. ಆ ಅಮ್ಮನಿಗೆ ಹೇಳಬೇಕಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ಅಲ್ಲಿ ಏನಿಲ್ಲ ಅನ್ನುವುದನ್ನು ಹೇಳಬೇಕು. ಕಾರು ಇಲ್ಲ. ಬರ್ನೀಸ್ ಓಬರ್‌ಲ್ಯಾಂಡ್ ಅನ್ನುವ ಬೆಟ್ಟಸೀಮೆಯಲ್ಲಿ, ಸಮುದ್ರಮಟ್ಟದಿಂದ 1274 ಮೀಟರ್ ಎತ್ತರದ ಒಂದು ಬೆಟ್ಟದ ಹೆಗಲ ಮೇಲೆ ಈ ಊರು ಕೂತಿದೆ. ಎಲ್ಲರೂ ಕಾರು ಕೆಳಗೆ ಕಣಿವೆಯಲ್ಲೇ ಬಿಟ್ಟು ಬರಬೇಕು. ಹಾಲು, ತರಕಾರಿ, ಸಿಮೆಂಟು, ಸೋಫಾ, ಪೋಸ್ಟು, ಎಲ್ಲವೂ ರೈಲಿನಲ್ಲೇ ಮೇಲೆ ಬರುತ್ತವೆ. ಹೋಟೆಲಿನವರು ಲಗೇಜು ಒಯ್ಯಲು ಬ್ಯಾಟರಿ ಗಾಡಿ ಇಟ್ಟುಕೊಂಡಿದ್ದಾರೆ, ಅವು ಸದ್ದೇ ಮಾಡುವುದಿಲ್ಲ. ಹಾಗಾಗಿ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ಕೂಡಲೇ ಕೇಳಿಸುವುದು ನಮ್ಮದೇ ಹೆಜ್ಜೆ. ಚಳಿ ಜಾಸ್ತಿ ಇದ್ದ ದಿನ ಬೂಟಿನಡಿ ಹಿಮ ಕಿರ್ ಕಿರ್ ಅನ್ನುತ್ತದೆ. ಸ್ವಲ್ಪ ಬೆಚ್ಚಗಿದ್ದರೆ ಆ ಸದ್ದು ಇರುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟದ್ದು ನಾನು ಪ್ರತಿ ಸಲ ಉಳಿದುಕೊಳ್ಳುವ ಮನೆಯ ಅಜ್ಜಿ. "ಥರ್ಮಾಮೀಟರ್ ಯಾಕೆ, ಬೂಟು ಹೇಳುತ್ತದಲ್ಲ" ಅಂದಿದ್ದರು.

ಇನ್ನೊಂದು ವಿಷಯ ಬಿಸಿಲು. ಲೌಟರ್‌ಬ್ರುನೆನ್ ಕಣಿವೆ ಎಷ್ಟು ಆಳ, ಎಷ್ಟು ಕಿರಿದು ಅಂದರೆ ಜನವರಿಯಲ್ಲಿ ಕೆಳಗಿನವರು ದಿನದ ಹೆಚ್ಚಿನ ಹೊತ್ತು ನೆರಳಿನಲ್ಲೇ ಇರುತ್ತಾರೆ. ಎರಡೂ ಕಡೆ ಗೋಡೆಯಂಥ ಬಂಡೆ. ಸುಮಾರು 300 ಮೀಟರ್ ಮೇಲಿಂದ ಬೀಳುವ ಸ್ಟೌಬಾಖ್ ಜಲಪಾತ ಚಳಿಗೆ ಅರ್ಧ ಹೆಪ್ಪುಗಟ್ಟಿ ಬಂಡೆಗೇ ಅಂಟಿಕೊಂಡಿರುತ್ತದೆ. ಅಲ್ಲಿಂದ ರೈಲಿನಲ್ಲಿ ಕಾಲು ಗಂಟೆ ಹತ್ತಿದರೆ ಒಮ್ಮೆಗೇ ಬಿಸಿಲು, ಎದುರಿಗೆ 4158 ಮೀಟರಿನ ಯುಂಗ್‌ಫ್ರಾವ್. ನಮ್ಮ ಆಗುಂಬೆ ಘಾಟಿಯಲ್ಲಿ ಮಂಜಿನೊಳಗಿಂದ ಒಂದು ತಿರುವಿಗೆ ಆಕಾಶ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ.

ನಾನು ತೀರ್ಥಹಳ್ಳಿ ಕಡೆಯವನು. 2014ರಿಂದ ನಾಲ್ಕು ವರ್ಷ ಬಾಸೆಲ್‌ನಲ್ಲಿ ಕೆಲಸದಲ್ಲಿದ್ದೆ. ನಾಲ್ಕು ಚಳಿಗಾಲವೂ ವೆಂಗನ್‌ಗೆ ಹೋಗಿದ್ದೆ. ಆಮೇಲೆ ಬೆಂಗಳೂರಿಗೆ ವಾಪಸು, ಮದುವೆ, ಮಗಳು, ಅಪ್ಪನ ಕಾಯಿಲೆ, ನಡುವೆ ಕೋವಿಡ್. ಈ ಸಲ ಆಫೀಸಿನ ಕೆಲಸಕ್ಕೆ ಜ್ಯೂರಿಕ್‌ಗೆ ಹೋಗಬೇಕಾಗಿ ಬಂದಾಗ ರಜೆ ಸೇರಿಸಿಕೊಂಡು ನೇರ ಅಲ್ಲಿಗೇ ಹೋದೆ. ಬೇರೆ ಊರು ನೋಡಬಹುದಿತ್ತು. ಮನಸ್ಸು ಬರಲಿಲ್ಲ.

ಅಜ್ಜಿಯ ಮನೆ ಊರಿನ ಮೇಲಿನ ತುದಿಯಲ್ಲಿದೆ. ಕಪ್ಪಾದ ಮರದ ಗೋಡೆ, ಸೂರಿನಡಿ ಉದ್ದಕ್ಕೂ ಒಟ್ಟಿಟ್ಟ ಸೌದೆ. ಮೊದಲ ಸಲ ಆ ಸೌದೆಯ ಸಾಲು ನೋಡಿದಾಗಲೇ ಈ ಮನೆ ನನ್ನದು ಅನಿಸಿಬಿಟ್ಟಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಸೌದೆ ಒಟ್ಟಿಡುವುದು ಎಷ್ಟು ದೊಡ್ಡ ಕೆಲಸ ಅಂತ ಅಲ್ಲಿ ಬೆಳೆದವರಿಗೆ ಗೊತ್ತು. ಕೊಯ್ದ ತುದಿಗಳೆಲ್ಲ ಹೊರಗೆ ಕಾಣುವ ಹಾಗೆ, ಒಂದರ ಮೇಲೊಂದು ಜಾರದ ಹಾಗೆ ಜೋಡಿಸಿದ್ದನ್ನು ನೋಡಿದರೆ ಆ ಮನೆಯವರು ಎಂಥವರು ಅಂತ ಗೊತ್ತಾಗುತ್ತದೆ.

ಬಾಲ್ಕನಿಯ ಪಕ್ಕ ಅಂಗಳದಲ್ಲಿ ಒಂದು ಮರದ ಕೋಲು ನೆಟ್ಟಿದ್ದಾರೆ. ಆಳೆತ್ತರದ ಕೋಲು, ಅದರ ಮೇಲೆ ಹತ್ತು ಸೆಂಟಿಮೀಟರಿಗೊಂದು ಕೆಂಪು ಗೆರೆ, ನಡುವೆ ಸೆಂಟಿಮೀಟರಿಗೊಂದು ಚಿಕ್ಕ ಕಪ್ಪು ಗೆರೆ. ದಿನಾ ಬೆಳಗ್ಗೆ ಏಳೂವರೆಗೆ ಅಜ್ಜಿ ಉಣ್ಣೆಯ ಶಾಲು ಹೊದ್ದು ಬಾಗಿಲು ತೆಗೆದು ಆ ಕೋಲು ನೋಡುತ್ತಾರೆ. ಅಡುಗೆಮನೆಯ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಒಂದು ಸಂಖ್ಯೆ ಬರೆಯುತ್ತಾರೆ. ಬರೀ ಸಂಖ್ಯೆ. ಗಾಳಿ ಇದ್ದರೆ ಪಕ್ಕದಲ್ಲೊಂದು ಸಣ್ಣ ಬಾಣ. ಹಳೆಯ ಕ್ಯಾಲೆಂಡರುಗಳನ್ನೆಲ್ಲ ಸುರುಳಿ ಸುತ್ತಿ, ದಾರ ಕಟ್ಟಿ, ಒಲೆಯ ಹಿಂದಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಅವರ ಗಂಡ ಶುರುಮಾಡಿದ್ದಂತೆ, ಅವರು ಹೋದ ಮೇಲೆ ಇವರು ಬಿಟ್ಟಿಲ್ಲ.

2015ರಲ್ಲಿ ಮೊದಲ ಬಾರಿ ಅದನ್ನು ನೋಡಿದಾಗ ನನ್ನ ಅಪ್ಪನ ನೆನಪಾಗಿ ನಿಂತುಬಿಟ್ಟೆ. ನಮ್ಮ ಮನೆಯಲ್ಲಿ ತೋಟದ ಅಂಚಿಗೆ ಮಳೆ ಅಳೆಯುವ ಡಬ್ಬಿ ಇದೆ. ಜೂನ್‌ನಿಂದ ಅಪ್ಪ ದಿನಾ ಬೆಳಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಹೋಗಿ, ನೀರನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಆರಿದ್ರಾ ಎಷ್ಟು, ಪುನರ್ವಸು ಎಷ್ಟು, ಆಶ್ಲೇಷ ಎಷ್ಟು ಅಂತ ಬೇರೆ ಬೇರೆ ಕೂಡಿಸುತ್ತಿದ್ದರು. ಸಂಜೆ ಫೋನಿನಲ್ಲಿ ನೆಂಟರೆಲ್ಲ ಮೊದಲು ಕೇಳುವುದೇ "ನಿಮ್ಮಲ್ಲಿ ಎಷ್ಟು ಇಂಚು ಮಾರಾಯ್ರೇ?" ಅಂತ. ಇದನ್ನು ನನಗೆ ಬರುವ ಅರೆಬರೆ ಜರ್ಮನ್‌ನಲ್ಲಿ ಅಜ್ಜಿಗೆ ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟು, ಒಂದು ದಿನಕ್ಕೆ ಅತಿ ಹೆಚ್ಚು ಅಂದರೆ ಎಷ್ಟು ಬಿದ್ದಿದೆ, ತೋಟಕ್ಕೆ ಏನಾಯಿತು, ಅಪ್ಪ ಹುಷಾರಿಲ್ಲದ ದಿನ ಯಾರು ಬರೆಯುತ್ತಾರೆ ಅಂತೆಲ್ಲ ಕೇಳಿದರು. ಆ ರಾತ್ರಿ ಊಟದ ಹೊತ್ತಿಗೆ "ಇನ್ನು ಮೇಲೆ ನನ್ನನ್ನು 'ದು' ಅನ್ನು" ಅಂದರು. 'ದು' ಅಂದರೆ ನೀನು. ನಮ್ಮಲ್ಲಿ ಅಜ್ಜಿಯಂದಿರು ಮೊದಲ ಮಾತಿಗೇ ನಮ್ಮನ್ನು ನೀನು ಅಂದುಬಿಡುತ್ತಾರೆ, ನಾವು ಅವರನ್ನು ನೀವು ಅನ್ನುತ್ತೇವೆ. ಅಲ್ಲಿ ಹಾಗಲ್ಲ. ಹಿರಿಯರು ತಾವಾಗಿ ಕೊಡಬೇಕು, ಕೊಟ್ಟ ಮೇಲೆ ಎರಡೂ ಕಡೆಯಿಂದ ನೀನು. ನನಗೆ ಇವತ್ತಿಗೂ ಅವರನ್ನು ಹಾಗೆ ಕರೆಯುವಾಗ ನಾಲಿಗೆ ತಡವರಿಸುತ್ತದೆ.

ಸ್ಕೀ ಕಲಿತದ್ದೂ ಅಲ್ಲೇ, ಮೂವತ್ತೊಂದನೇ ವಯಸ್ಸಿಗೆ. ಊರಿನ ನಡುವೆಯೇ ಮಕ್ಕಳು ಕಲಿಯುವ ಮೆಲ್ಲನೆಯ ಇಳಿಜಾರು ಇದೆ. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದಿನ ತುದಿ ಅಗಲಿಸಿದರೆ ವೇಗ ಕಡಿಮೆಯಾಗುತ್ತದೆ ಅನ್ನುವ ಒಂದೇ ವಿಷಯವನ್ನು ಕಾಲಿಗೆ ಕಲಿಸಲು ಎರಡು ದಿನ ಬೇಕಾಯಿತು. ಮೊದಲ ದಿನ ಬಾಡಿಗೆ ಅಂಗಡಿಯಲ್ಲಿ ಒಂದು ಸೈಜ್ ದೊಡ್ಡ ಬೂಟು ಕೊಟ್ಟಿದ್ದರು. ಒಳಗೆ ಕಾಲು ಮುಂದಕ್ಕೆ ಜಾರಿ ಜಾರಿ ಹೆಬ್ಬೆರಳ ಉಗುರು ನೀಲಿಗಟ್ಟಿತ್ತು. ನಾನು ಹೊಸಬರಿಗೆಲ್ಲ ಹೀಗೇ ಆಗುತ್ತದೆ ಅಂದುಕೊಂಡು ಸುಮ್ನೆ ಇದ್ದೆ. ಮೆಟ್ಟಿಲು ಹತ್ತುವುದನ್ನು ನೋಡಿಯೇ ಅಜ್ಜಿ ಕಂಡುಹಿಡಿದರು. ಮರುದಿನ ಅವರೇ ಬಂದು ಅಂಗಡಿಯಲ್ಲಿ ನನ್ನ ಮುಂದೆ ಮಂಡಿಯೂರಿ ಕೂತು, ಮಗುವಿಗೆ ಹಾಕಿದ ಹಾಗೆ ಬೂಟು ಹಾಕಿ, ಬಕಲ್ ಬಿಗಿದು, "ಹಿಮ್ಮಡಿ ಮೇಲೇಳುತ್ತಾ?" ಅಂತ ಮೂರು ಸಲ ಕೇಳಿದರು. ಸ್ಕೀ ಬೂಟು ಅಂದರೆ ಹಿಮ್ಮಡಿ ಅಲ್ಲಾಡಬಾರದು, ಬೆರಳು ಅಲ್ಲಾಡಬೇಕು. ಇಷ್ಟೇ.

ಈ ಸಲ ಹೋದಾಗ ಅವರಿಗೆ ಎಂಬತ್ತಮೂರು. ಮಂಡಿ ನೋವು, ಸ್ಕೀ ಬಿಟ್ಟಿದ್ದಾರೆ. ಆದರೂ ಬೆಳಗ್ಗೆ ಮೆಟ್ಟಿಲ ಮೇಲಿನ ಹಿಮವನ್ನು ಅಗಲ ಸಲಿಕೆಯಲ್ಲಿ ತಾವೇ ತಳ್ಳುತ್ತಾರೆ. ಸಲಿಕೆ ಕೇಳಿದೆ, ಕೊಡಲಿಲ್ಲ.

ನಾನು ತಲುಪಿದ್ದು ಲೌಬರ್‌ಹಾರ್ನ್ ಸ್ಕೀ ರೇಸ್ ಮುಗಿದ ಮರುವಾರ. ಈ ರೇಸಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅದಿಲ್ಲದೆ ವೆಂಗನ್ ಅರ್ಥವಾಗುವುದಿಲ್ಲ. ಇಲ್ಲಿ ಚಳಿಗಾಲದ ಮೋಜನ್ನು ಬೆಳೆಸಿದವರಲ್ಲಿ ಬ್ರಿಟಿಷರು ಮುಂದಿದ್ದರು. ಬೆಟ್ಟ ಹತ್ತುವ ರೈಲು ಇತ್ತಲ್ಲ, ಅವರು ರೈಲಿನಲ್ಲಿ ಮೇಲೆ ಹೋಗಿ ಸ್ಕೀಯಲ್ಲಿ ಕೆಳಗೆ ಬರುತ್ತಿದ್ದರು. 1925ರಲ್ಲಿ ಅವರು ಇಲ್ಲಿ ಕಟ್ಟಿದ ಕ್ಲಬ್ಬಿನ ಹೆಸರೇ 'ಡೌನ್‌ಹಿಲ್ ಓನ್ಲಿ', ಅಂದರೆ ಇಳಿಯುವುದು ಮಾತ್ರ. ಬೆಟ್ಟದಲ್ಲಿ ಹುಟ್ಟಿದ ಊರಿನವರಿಗೆ ಹೊರಗಿನವರು ತಮ್ಮ ಕಣ್ಣೆದುರೇ ಮುಂದೆ ಹೋಗುವುದು ಹೇಗನಿಸಿರಬಹುದು? ವೆಂಗನ್‌ನವರೇ ಆದ ಅರ್ನ್‌ಸ್ಟ್ ಗರ್ಟ್‌ಶ್ 1930ರಲ್ಲಿ ಲೌಬರ್‌ಹಾರ್ನ್ ರೇಸ್ ಶುರುಮಾಡಿದರು. ಇವತ್ತು ಅದು ಸ್ಕೀ ವಿಶ್ವಕಪ್‌ನಲ್ಲೇ ಅತಿ ಉದ್ದದ ಡೌನ್‌ಹಿಲ್, ಸುಮಾರು ನಾಲ್ಕೂವರೆ ಕಿಲೋಮೀಟರ್. ಗೆಲ್ಲುವವರಿಗೆ ಎರಡೂವರೆ ನಿಮಿಷದ ಆಸುಪಾಸು ಸಾಕು. 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಇಲ್ಲಿನ ಹಾನೆಗ್‌ಶುಸ್ ಅನ್ನುವ ನೇರ ಇಳಿಜಾರಿನಲ್ಲಿ ಗಂಟೆಗೆ 161.9 ಕಿಲೋಮೀಟರ್ ವೇಗ ಮುಟ್ಟಿದರು. ಕಾಲಡಿ ಎರಡು ಹಲಗೆ, ಮೈಮೇಲೆ ಒಂದು ತೆಳು ಬಟ್ಟೆ, ಅಷ್ಟೇ.

ರೇಸ್ ಇಲ್ಲದ ದಿನಗಳಲ್ಲಿ ಆ ದಾರಿಯ ಹೆಚ್ಚಿನ ಭಾಗದಲ್ಲಿ ನಮ್ಮಂಥವರೂ ಇಳಿಯಬಹುದು. ಎರಡನೇ ದಿನ ನಾನು ಹೋದೆ. ಹುಂಡ್‌ಶೋಪ್ ಅನ್ನುವ ಬಂಡೆಯ ತುದಿಯ ಬಳಿ ಸ್ಕೀ ಕಳಚಿ, ಪಕ್ಕದಿಂದ ಬಗ್ಗಿ ನೋಡಿದೆ. ರೇಸಿನವರು ಎರಡು ಬಂಡೆಗಳ ನಡುವಿನ ಸಂದಿಯಿಂದ ಗಾಳಿಗೆ ಹಾರುವ ಜಾಗ ಅದು. ಟೀವಿಯಲ್ಲಿ ಅದು ಇಷ್ಟು ಕಡಿದು ಅಂತ ಗೊತ್ತೇ ಆಗುವುದಿಲ್ಲ. ಹಿಮದ ಮೇಲೆ ಓಟಗಾರರಿಗೆ ದಾರಿ ಕಾಣಲೆಂದು ಎಳೆದ ನೀಲಿ ಬಣ್ಣದ ಗೆರೆ ಇನ್ನೂ ಇತ್ತು. ಬೆರಳಿನಿಂದ ಮುಟ್ಟಿದೆ. ಹಿಮ ಅಲ್ಲ ಅದು, ಹೆಚ್ಚುಕಡಿಮೆ ಗಾಜು. ಮೇಲ್ಮೈ ಗಟ್ಟಿಯಾಗಲಿ ಅಂತ ಹಿಮದೊಳಗೆ ನೀರು ಹಾಯಿಸುತ್ತಾರೆ. ಹೆಬ್ಬೆರಳ ಉಗುರಿನಿಂದ ಕೆರೆದರೆ ಬಿಳಿ ಪುಡಿ ಒಂದು ಚಿಟಿಕೆಯಷ್ಟೂ ಬರಲಿಲ್ಲ. ಕೆಳಗೆ ರೈಲು ಹಳಿಯ ಅಡಿಯಿಂದ ದಾರಿ ತೂರಿಹೋಗುವ ಕಡೆ ಏಳೆಂಟು ಜನ ಕೆಂಪು ಬಲೆಗಳನ್ನು ಬಿಚ್ಚಿ, ಸುತ್ತಿ, ಹೊರೆ ಕಟ್ಟುತ್ತಿದ್ದರು. ಈ ರೇಸಿಗೆ ಸೈನಿಕರು, ನಾಗರಿಕ ರಕ್ಷಣೆಯವರು, ಊರಿನವರು ವಾರಗಟ್ಟಲೆ ದುಡಿಯುತ್ತಾರೆ. ಜಾತ್ರೆಯ ಮರುದಿನ ತೇರುಬೀದಿಯಲ್ಲಿ ಚಪ್ಪರ ಬಿಚ್ಚುವವರನ್ನು ನೋಡಿದರೆ ನನಗೆ ಚಿಕ್ಕಂದಿನಿಂದ ಏನೋ ಒಂಥರಾ ಪ್ರೀತಿ. ಇವರನ್ನು ನೋಡಿದಾಗಲೂ ಹಾಗೇ ಆಯಿತು. "ಗ್ರುಯೆಸ್ಸೆಖ್" ಅಂದೆ, ಅಲ್ಲಿಯ ನಮಸ್ಕಾರ ಅದು. ಅಷ್ಟೂ ಜನ ತಲೆಯೆತ್ತಿ ವಾಪಸು ಅಂದರು.

ಬದಲಾದದ್ದು ಏನು ಅಂತ ಕೇಳಿದರೆ, ಕಣ್ಣಿಗೆ ಕಾಣುವಂಥದ್ದು ಕಡಿಮೆ. 2020ರ ಡಿಸೆಂಬರಿನಲ್ಲಿ ಗ್ರಿಂಡೆಲ್‌ವಾಲ್ಡ್ ಕಡೆಯಿಂದ ಐಗರ್ ಎಕ್ಸ್‌ಪ್ರೆಸ್ ಎಂಬ ದೊಡ್ಡ ಕೇಬಲ್ ಕಾರು ಶುರುವಾದ ಮೇಲೆ ಯುಂಗ್‌ಫ್ರಾವ್‌ಯೋಖ್‌ಗೆ ಹೋಗುವ ಎಷ್ಟೋ ಜನ ವೆಂಗನ್ ದಾರಿಗೆ ಬರುವುದೇ ಇಲ್ಲ. ನಾನು ಕಂಡ ದಿನಗಳಲ್ಲಂತೂ ರೈಲಿನಲ್ಲಿ ಸೀಟು ಸಿಗುತ್ತಿತ್ತು. 2021ರಲ್ಲಿ ಊರಿನಲ್ಲಿ ಕೋವಿಡ್ ಹರಡಿ ಲೌಬರ್‌ಹಾರ್ನ್ ರೇಸೇ ರದ್ದಾಯಿತು. ಆ ಜನವರಿಯ ಬಗ್ಗೆ ಅಜ್ಜಿ ಹೆಚ್ಚು ಮಾತಾಡಲಿಲ್ಲ. ಕ್ಯಾಲೆಂಡರು ಮಾತ್ರ ತೆಗೆದು ತೋರಿಸಿದರು. ಆ ತಿಂಗಳೂ ಒಂದು ದಿನ ಬಿಡದೆ ಬರೆದಿದ್ದರು.

ನಿಜವಾದ ಬದಲಾವಣೆ ಕಂಡದ್ದು ರಾತ್ರಿ. ಅಜ್ಜಿಯ ಮಗ ಬೇಸಿಗೆಯಲ್ಲಿ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ ಹಸು ನೋಡಿಕೊಳ್ಳುತ್ತಾರೆ. ಚಳಿಗಾಲದಲ್ಲಿ ಸ್ಕೀ ದಾರಿ ಸಮಮಾಡುವ ಯಂತ್ರ ಓಡಿಸುತ್ತಾರೆ. ಕಡಿದಾದ ಕಡೆ ಯಂತ್ರವನ್ನು ಉಕ್ಕಿನ ಹಗ್ಗದಲ್ಲಿ ಮೇಲಕ್ಕೆ ಕಟ್ಟಿಕೊಂಡು ಇಳಿಯುತ್ತಾರಂತೆ. ನಾವು ಊಟ ಮುಗಿಸಿ ಮಲಗುವ ಹೊತ್ತಿಗೆ ಅವರ ಕೆಲಸ. ಹಿಂದೆಲ್ಲ ನಾನು ಬಾಲ್ಕನಿಯಲ್ಲಿ ನಿಂತು ದೂರದ ಇಳಿಜಾರಿನಲ್ಲಿ ಆ ಯಂತ್ರಗಳ ದೀಪ ಹರಿದಾಡುವುದನ್ನು ಚೆಂದ ಅಂತ ನೋಡಿ, ಒಳಗೆ ಹೋಗಿ ಮಲಗಿಬಿಡುತ್ತಿದ್ದೆ. ಈ ಸಲ ಅವರ ಜೊತೆ ಕೂತು ಆಲ್ಪ್ಲರ್‌ಮಾಗ್ರೋನೆನ್ ತಿನ್ನುತ್ತಾ ಕೇಳಿಸಿಕೊಂಡೆ. (ಮ್ಯಾಕರೋನಿ, ಆಲೂಗಡ್ಡೆ, ಚೀಸು, ಮೇಲೆ ಹುರಿದ ಈರುಳ್ಳಿ, ಪಕ್ಕಕ್ಕೆ ಬೇಯಿಸಿ ಅರೆದ ಸೇಬು. ಮಾಂಸ ತಿನ್ನದವರಿಗೆ ಆ ಬೆಟ್ಟದಲ್ಲಿ ಇದಕ್ಕಿಂತ ಒಳ್ಳೆಯ ಊಟವಿಲ್ಲ.) ಅವರ ಯಂತ್ರದಲ್ಲಿ ಈಗ ಒಂದು ಪರದೆ ಇದೆ. ಬೇಸಿಗೆಯಲ್ಲಿ ಅಳೆದಿಟ್ಟ ನೆಲದ ನಕ್ಷೆ ಅದರೊಳಗಿದೆ, ಉಪಗ್ರಹದಿಂದ ಯಂತ್ರ ಈಗ ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಾಗುತ್ತದೆ. ಎರಡರ ನಡುವಿನ ವ್ಯತ್ಯಾಸವೇ ಕೆಳಗಿರುವ ಹಿಮದ ದಪ್ಪ. ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ ತೆಳ್ಳಗಿರುವ ಕಡೆಗೆ ತಳ್ಳುತ್ತಾರೆ. ಕಡಿಮೆ ಬಿದ್ದರೆ ಸ್ನೋ ಕ್ಯಾನನ್. ನೀರನ್ನು ಸಣ್ಣ ಹನಿ ಮಾಡಿ ಗಾಳಿಗೆ ಚಿಮ್ಮುತ್ತದೆ, ಹನಿ ನೆಲಕ್ಕೆ ಬೀಳುವಷ್ಟರಲ್ಲಿ ಗಟ್ಟಿಯಾಗಬೇಕು. ಅದಕ್ಕೆ ಚಳಿ ಬೇಕು, ಗಾಳಿ ಒಣಗಿರಬೇಕು. ಎರಡೂ ಸಿಗುವ ಗಂಟೆಗಳಿಗಾಗಿ ರಾತ್ರಿಯೆಲ್ಲ ಕಾಯುತ್ತಾರೆ. "ಅಮ್ಮ ಕೋಲು ನೋಡುತ್ತಾಳೆ, ನಾನು ಪರದೆ ನೋಡುತ್ತೇನೆ. ಇಬ್ಬರದೂ ಒಂದೇ ಚಿಂತೆ" ಅಂದರು.

ಅಲ್ಲಿ ಕೂತಾಗಲೇ ನನಗೆ ಹೊಳೆದದ್ದು. ನಾಲ್ಕು ಚಳಿಗಾಲ ನಾನು ಈ ಊರಿಗೆ ಬಂದು ಹಿಮವನ್ನು ಮಾತ್ರ ನೋಡಿದ್ದೆ. ಅದು ಬಿದ್ದಿರುತ್ತದೆ, ನಾವು ಹೋಗುತ್ತೇವೆ, ಅಷ್ಟೇ ಅಂದುಕೊಂಡಿದ್ದೆ. ಮಳೆಯ ಊರಿನಲ್ಲಿ ಹುಟ್ಟಿದವನಿಗೆ ಇದು ಗೊತ್ತಿರಬೇಕಿತ್ತು ಅಲ್ವಾ? ನಮ್ಮಲ್ಲಿ ಜೂನ್ ಎಂಟು ದಾಟಿಯೂ ಮಳೆ ಬಾರದಿದ್ದರೆ ಅಪ್ಪ ಅಂಗಳದಲ್ಲಿ ಶತಪಥ ಹಾಕುತ್ತಿದ್ದುದು, ನೆಂಟರಿಗೆ ಫೋನು ಮಾಡುವುದನ್ನೇ ನಿಲ್ಲಿಸುತ್ತಿದ್ದುದು, ನೋಟ್‌ಬುಕ್ಕಿನ ಖಾಲಿ ಹಾಳೆಗೆ ಬರೀ ತಾರೀಕು ಹಾಕಿಡುತ್ತಿದ್ದುದು ನಾನೇ ನೋಡಿದ್ದೇನೆ. ಪ್ರವಾಸಕ್ಕೆ ಬಂದವರು ಆಗುಂಬೆ ಮಳೆಯನ್ನು ಎಷ್ಟು ಚೆಂದ ಅನ್ನುವಾಗ ನನಗೆ ಹೇಳಬೇಕು ಅನಿಸುತ್ತಿದ್ದ ಮಾತನ್ನು, ವೆಂಗನ್ ಎಷ್ಟು ಚೆಂದ ಅಂದಾಗ ಇವರು ನನಗೆ ಹೇಳದೆ ನುಂಗಿಕೊಂಡಿರಬೇಕು.

ನಾಲ್ಕನೇ ರಾತ್ರಿ ಫೋಹ್ನ್ ಬಂತು. ದಕ್ಷಿಣದ ಕಡೆಯಿಂದ ಆಲ್ಪ್ಸ್ ದಾಟಿ ಈಚೆಗೆ ಇಳಿಯುವ ಗಾಳಿ ಅದು. ಆಚೆ ಬದಿಯಲ್ಲೇ ತೇವ ಕಳೆದುಕೊಂಡು, ಇಳಿಯುತ್ತಾ ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಬಿಸಿಯಾಗುತ್ತಾ ಬರುತ್ತದೆ. ಕಣಿವೆ ತಲುಪುವ ಹೊತ್ತಿಗೆ ಜನವರಿಯಲ್ಲಿ ಏಪ್ರಿಲ್. ಹೆಸರು ಕೇಳಿದ್ದೆ, ಹೀಗೆ ಕಂಡಿರಲಿಲ್ಲ. ಸಂಜೆ ಬೆಟ್ಟಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ ಕಂಡವು. "ಬರುತ್ತೆ" ಅಂದರು ಅಜ್ಜಿ, ಬಾಲ್ಕನಿಯ ಕುರ್ಚಿಗಳನ್ನು ಒಳಗೆ ಎಳೆದರು. ಹತ್ತು ಗಂಟೆಗೆ ಕಿಟಕಿ ಬಾಗಿಲು ಬಡಿಯಲು ಶುರುವಾಯಿತು. ಆಮೇಲೆ ಇಡೀ ರಾತ್ರಿ ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು. ನಡುನಡುವೆ ಮಾಡಿನ ಮೇಲಿಂದ ಹಿಮದ ಇಡೀ ಹಾಸು ಸರ್ ಅಂತ ಜಾರಿ ಧೊಪ್ ಅಂತ ಬೀಳುತ್ತಿತ್ತು. ಕಣ್ಣು ಮುಚ್ಚಿದರೆ ನಮ್ಮ ಮನೆಯ ಆಷಾಢದ ರಾತ್ರಿ. ಊರಿನಲ್ಲಿ ಆ ಸದ್ದಿಗೆ ನಿದ್ದೆ ಬರುತ್ತದೆ. ಇಲ್ಲಿ ಆ ಮನೆಯಲ್ಲಿ ಯಾರೂ ನಿದ್ದೆ ಮಾಡಿದಂತೆ ಕಾಣಲಿಲ್ಲ. ಮೂರು ಗಂಟೆಗೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು.

ಫೋಹ್ನ್ ಹೊಸತಲ್ಲ, ಅಜ್ಜಿಯ ಅಜ್ಜಿಯೂ ಕಂಡಿದ್ದಾರೆ. ಅದೇ ಹವಾಮಾನ ಬದಲಾವಣೆ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ರಾತ್ರಿಯ ಫೋಹ್ನ್ ತಿಂದುಹಾಕಿದ್ದನ್ನು ಮತ್ತೆ ತುಂಬಿಕೊಡುವ ಚಳಿ ಈಗ ಮೊದಲಿನಂತೆ ಬರುವುದಿಲ್ಲ, ಚಿಂತೆ ಅದು. 2022 ಮತ್ತು 2023, ಈ ಎರಡೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮಲ್ಲಿದ್ದ ಮಂಜುಗಡ್ಡೆಯ ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡವು. ತಗ್ಗಿನ ಊರುಗಳಲ್ಲಿ ಎಷ್ಟೋ ಸ್ಕೀ ಲಿಫ್ಟುಗಳು ಮುಚ್ಚಿವೆ. ವೆಂಗನ್‌ನ ಮೇಲಿನ ಇಳಿಜಾರುಗಳು ಎರಡು ಸಾವಿರ ಮೀಟರ್ ದಾಟುತ್ತವೆ, ಹಾಗಾಗಿ ಇನ್ನೂ ನಡೆದಿದೆ. ಊರಿನವರೆಗೂ ಸ್ಕೀಯಲ್ಲೇ ಇಳಿದು ಬರುವುದಕ್ಕೆ ಮಾತ್ರ ಪ್ರತಿ ವರ್ಷ ದುಡಿಮೆ ಜಾಸ್ತಿ ಆಗುತ್ತಿದೆ ಅಂದರು ಮಗ.

ಮರುದಿನ ಗಾಳಿಗೆ ಮೇಲಿನ ಲಿಫ್ಟು ನಿಂತಿತ್ತು. ಅಂಗಳದಲ್ಲಿ ಹಸಿರು ಹುಲ್ಲು ಅಲ್ಲಲ್ಲಿ ಇಣುಕುತ್ತಿತ್ತು. ನಾನು ಸೌದೆ ಒಳಗೆ ಹೊತ್ತು ಹಾಕಿದೆ. ಮಧ್ಯಾಹ್ನ ಅಜ್ಜಿ ಹಳೆಯ ಕ್ಯಾಲೆಂಡರುಗಳ ದಾರ ಬಿಚ್ಚಿ ಮೇಜಿನ ಮೇಲೆ ಹರಡಿದರು. ನಾನು ಮೊದಲ ಸಲ ಬಂದಿದ್ದ 2015ರದ್ದು ಹುಡುಕಿ, ನಾನು ಬಂದಿಳಿದ ದಿನದ ಮೇಲೆ ಬೆರಳಿಟ್ಟರು. ಸಂಖ್ಯೆಯ ಪಕ್ಕದಲ್ಲಿ ಚಿಕ್ಕದಾಗಿ 'ಭಾರತ' ಅಂತ ಬರೆದಿತ್ತು. ನಾನು ಅವರಿಗೆ ಅಪ್ಪನ ವಿಷಯ ಹೇಳಿದೆ. ಹೋದ ವರ್ಷ ಮಳೆಗಾಲದ ನಡುವೆ ತೀರಿಕೊಂಡರು, ನೋಟ್‌ಬುಕ್ ಪುಷ್ಯ ಮಳೆಗೆ ನಿಂತಿದೆ ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: "ಡಬ್ಬಿ ಇನ್ನೂ ಅಲ್ಲೇ ಇದೆಯಾ?"

ಇದೆ ಅಂದೆ.

ಆ ರಾತ್ರಿ ಗಾಳಿ ತಿರುಗಿತು. ಯಾವಾಗ ಸದ್ದು ನಿಂತಿತೋ ಗೊತ್ತಿಲ್ಲ. ಹಿಮ ಬೀಳುವಾಗ ಸದ್ದಿರುವುದಿಲ್ಲ, ಇರುವ ಸದ್ದನ್ನೂ ಅದು ನುಂಗುತ್ತದೆ. ಕೊನೆಯ ದಿನ ಬೆಳಗ್ಗೆ ಏಳೂವರೆಗೆ ನಾನು ಬ್ಯಾಗ್ ಹಿಡಿದು ಕೆಳಗಿಳಿದಾಗ ಅಜ್ಜಿ ಶಾಲು ಹೊದ್ದು ನಿಂತಿರಲಿಲ್ಲ. ಪೆನ್ಸಿಲ್ ಕೈಯಲ್ಲಿ ಹಿಡಿದು ಕ್ಯಾಲೆಂಡರಿನ ಎದುರು ಕುರ್ಚಿಯಲ್ಲಿ ಕೂತಿದ್ದರು. "ಇವತ್ತು ಮಂಡಿ ಕೇಳುತ್ತಿಲ್ಲ, ನೀನು ನೋಡಿ ಬಾ" ಅಂದರು.

ಬಾಗಿಲು ತೆಗೆದೆ. ಬೂಟಿನಡಿ ಕಿರ್ ಅಂದಿತು. ಕೋಲಿನ ತುದಿಯ ಮೇಲೆ ಬಿಳಿ ಟೋಪಿಯಂತೆ ಹಿಮ ಕೂತಿತ್ತು. ಹತ್ತಿರ ಹೋಗಿ, ಅಪ್ಪ ಗ್ಲಾಸು ಹಿಡಿದು ನೋಡುತ್ತಿದ್ದ ಹಾಗೆ, ಮಂಡಿಯೂರಿ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದೆ. ಮೂರನೇ ಕೆಂಪು ಗೆರೆ ಮುಚ್ಚಿತ್ತು, ಮೇಲೆ ನಾಲ್ಕು ಕಪ್ಪು ಗೆರೆ.

"ಮೂವತ್ನಾಲ್ಕು" ಅಂತ ಅಲ್ಲಿಂದಲೇ ಕೂಗಿದೆ.

"ಗಾಳಿ?"

"ಇಲ್ಲ."